ಅತ್ತೆ ಕೂತು ನೋಡಿದ ವ್ಯಾನ್

ಶನಿವಾರ ಬೆಳಿಗ್ಗೆ ಆರೂವರೆಗೆ ಷಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನ ನಮ್ಮ ಮನೆಯಿಂದ ಹೊರಟೆವು ಎಂದು ಬರೆದರೆ ಅದು ಅರ್ಧ ಸತ್ಯ. ಆರೂವರೆಗೆ ಬೀಗ ಹಾಕಿದ್ದು ನಿಜ. ಅತ್ತೆಯನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಮುಚ್ಚುವ ಹೊತ್ತಿಗೆ ಏಳು ಗಂಟೆ ಹತ್ತಿರವಾಗಿತ್ತು. ನಮ್ಮದು ಹಳೆಯ ಕೊರೊಲಾ, ಸೀಟು ಬಹಳ ತಗ್ಗು. ಅತ್ತೆ ಮೊದಲು ಬೆನ್ನು ಮಾಡಿ ಸೀಟಿನ ಅಂಚಿಗೆ ಕೂರಬೇಕು, ನಾನು ಒಳಗಿನಿಂದ ಅವರ ಭುಜ ಹಿಡಿದು ಎಳೆಯಬೇಕು, ನನ್ನ ಗಂಡ ಶ್ರೀಧರ ಹೊರಗಿನಿಂದ ಒಂದೊಂದೇ ಕಾಲನ್ನು ಎತ್ತಿ ಒಳಗಿಡಬೇಕು. ಅಷ್ಟರಲ್ಲಿ ಮೂವರಿಗೂ ಮೂವರ ಮೇಲೂ ಸಿಟ್ಟು ಬಂದಿರುತ್ತದೆ. ನಮ್ಮ ಹನ್ನೊಂದು ವರ್ಷದ ಮಗಳು ಅನನ್ಯ ಮಾತ್ರ ಕಿವಿಗೆ ಹಾಡು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಹಾಯಾಗಿದ್ದಳು.

ಅತ್ತೆಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಾಲು ಸೋತಿತ್ತು. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಮೊದಲೆಲ್ಲ ಶನಿವಾರ ಬಂದರೆ ಸ್ಕೋಕಿಯಲ್ಲಿರುವ ಗೆಳತಿಯ ಮನೆಗೆ ಭಜನೆಗೆ ಹೋಗುತ್ತಿದ್ದರು. ಹೋದ ನವೆಂಬರ್‌ನಲ್ಲಿ ಒಂದು ದಿನ, "ನನ್ನನ್ನ ಮೂಟೆ ಥರ ಹೊತ್ತು ಹಾಕೋದು ಸಾಕು, ನಾನು ಬರಲ್ಲ" ಎಂದು ನಿಲ್ಲಿಸಿಬಿಟ್ಟರು. ಆಮೇಲೆ ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಮಾರ್ಚ್ ಹೊತ್ತಿಗೆ ಕೋಣೆಯಿಂದ ಹಾಲ್‌ಗೆ ಬರುವುದನ್ನೂ ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಹೀಗೇ ಬಿಟ್ಟರೆ ಇರುವ ಕಾಲೂ ಹೋಗುತ್ತದೆ ಎಂದು ಡಾಕ್ಟರ್ ಎಚ್ಚರಿಸಿದರು. ಮೈಸೂರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೌಂಟರಿಗೆ ಕೂತು ಊರಿಗೆಲ್ಲ ಜೋರು ಮಾಡಿದ ಹೆಂಗಸು ಹೀಗೆ ಗೋಡೆ ನೋಡುವುದನ್ನು ಕಂಡು ನನಗೆ ಹೆದರಿಕೆಯಾಗಿತ್ತು.

ಹಾಗಾಗಿ ನಮಗೆ ವ್ಯಾನ್ ಬೇಕಾಗಿತ್ತು. ಜಾರು ಬಾಗಿಲಿನದು, ಕುರ್ಚಿಯಷ್ಟು ಎತ್ತರಕ್ಕೆ ಸೀಟು ಇರುವಂಥದು. ಅದು ಎರಡು ಸಾವಿರದ ಒಂಬತ್ತರ ಮೇ ತಿಂಗಳು, ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ಮುಚ್ಚುತ್ತಿದ್ದ ಕಾಲ. ಶ್ರೀಧರನ ಕೆಲಸ ಹಿಂದಿನ ಶರತ್ಕಾಲದಲ್ಲೇ ಹೋಗಿತ್ತು, ಎರಡನೇ ಕಾರೂ ಅದರ ಹಿಂದೆಯೇ ಹೋಗಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಬರುವ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಡೆಂಪ್‌ಸ್ಟರ್ ರಸ್ತೆಯ ಡೀಲರ್ ಹೊಸ ವ್ಯಾನಿನ ಬೆಲೆ ಹೇಳಿದಾಗ ನಾವು ಅವನು ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಮ್ಮ ಹಾಸಿಗೆ ಆಗ ಕರವಸ್ತ್ರದಷ್ಟಿತ್ತು.

ಕೆಲಸವಿಲ್ಲದ ಶ್ರೀಧರ ಅಷ್ಟರಲ್ಲಿ ವ್ಯಾನ್ ಪಂಡಿತನಾಗಿದ್ದ. ಯಾವ ವ್ಯಾನಿನ ಸೀಟು ಮಡಚಿ ನೆಲದೊಳಗೆ ಹೋಗುತ್ತದೆ, ಯಾವುದು ಗ್ಯಾಲನ್ನಿಗೆ ಎಷ್ಟು ಓಡುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಇಷ್ಟೆಲ್ಲ ಓದಿಕೊಂಡವನು ಕೊನೆಗೆ ಆರಿಸಿದ್ದು ಕನ್ನಡ ಕೂಟದ ಈಮೇಲಿನಲ್ಲಿ ಬಂದ ಒಂದು ಜಾಹೀರಾತನ್ನು. ಮಿಶಿಗನ್ನಿನ ಕ್ಯಾಂಟನ್‌ನಲ್ಲಿ ಬಸವರಾಜ ಎಂಬುವರು ಏಳು ಸೀಟಿನ ವ್ಯಾನನ್ನು ಮೂರು ಸಾವಿರ ಡಾಲರಿಗೆ ಮಾರುತ್ತಿದ್ದರು. ಷಿಕಾಗೋದಲ್ಲೇ ಹೆಜ್ಜೆಗೊಂದು ಹಳೆ ಗಾಡಿಯ ಅಂಗಡಿ ಇರುವಾಗ ಇನ್ನೂರ ಎಪ್ಪತ್ತೈದು ಮೈಲಿ ಯಾಕೆ ಹೋಗಬೇಕು ಎಂದು ಕೇಳಿದೆ.

"ನಮ್ಮೋರು ಕಣೇ. ಮೋಸ ಮಾಡಲ್ಲ" ಎಂದ.

ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದೆಂದು ನಾವಂದುಕೊಂಡಿದ್ದೆವು. ಅವರು ಗೋಡೆ ಕಡೆಯಿಂದ ತಿರುಗದೆಯೇ, "ಚಪ್ಪಲಿ ಕೊಳ್ಳೋಕೆ ಹೋಗೋವಾಗ ಕಾಲನ್ನ ಮನೇಲಿಟ್ಟು ಹೋಗ್ತಾರಾ?" ಎಂದು ಕೇಳಿದರು. ಅವರನ್ನೂ ಹೊರಡಿಸಿದೆವು.

ಊರು ದಾಟುವ ಸ್ಕೈವೇ ಸೇತುವೆಗೆ ಮೂರು ಡಾಲರ್ ಟೋಲ್ ಕೊಟ್ಟು ಇಂಡಿಯಾನಾಕ್ಕೆ ಇಳಿದೆವು. ಗ್ಯಾರಿಯ ಉಕ್ಕಿನ ಕಾರ್ಖಾನೆಗಳ ಹೊಗೆ ಆ ದಿನ ತೀರ ಕಡಿಮೆಯಿತ್ತು. ಹೊಗೆ ಇಲ್ಲದಿದ್ದರೆ ಗಾಳಿ ಚೆನ್ನಾಗಿರುತ್ತದೆ ಎಂದು ಬೇರೆ ವರ್ಷವಾಗಿದ್ದರೆ ಹೇಳುತ್ತಿದ್ದೆವೇನೋ. ಶ್ರೀಧರ ಆ ಕಡೆ ಒಮ್ಮೆ ನೋಡಿ ರೇಡಿಯೋ ಆಫ್ ಮಾಡಿದ.

ಮಿಶಿಗನ್ ಗಡಿ ದಾಟಿದೊಡನೆ ಸಿಗುವ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿಯ ಚಳಿ, ಸರೋವರದ ಕಡೆಯಿಂದ ಬೀಸುವ ಗಾಳಿ. ಅತ್ತೆಯನ್ನು ಇಳಿಸಿ, ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ವಾಪಸು ಹತ್ತಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಾಲು ಎತ್ತುವಾಗ ಅವರ ಸೀರೆ ಬಾಗಿಲಿಗೆ ಸಿಕ್ಕಿಕೊಂಡಿತು. ಪಕ್ಕದ ಕಾರಿನವರು ಸಹಾಯಕ್ಕೆ ಓಡಿ ಬಂದರು. ಅತ್ತೆ ಅವರಿಗೆ ಥ್ಯಾಂಕ್ಯೂ ಹೇಳಿ, ಆಮೇಲೆ ಬಹಳ ದೂರ ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಅವರಿಗೆ ನಿದ್ದೆ ಬಂದಿರಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಡಬ್ಬಿಯ ಪುಳಿಯೋಗರೆಯನ್ನು ಚಲಿಸುವ ಕಾರಿನಲ್ಲೇ ತಿಂದೆವು.

ಕಲಮಝೂ, ಬ್ಯಾಟಲ್ ಕ್ರೀಕ್, ಆನ್ ಆರ್ಬರ್ ಹೀಗೆ ಎಕ್ಸಿಟ್‌ಗಳು ಹಿಂದೆ ಸರಿದವು. ಮಿಶಿಗನ್ನಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಹಾಗಾಗಿ ಏನೂ ಮಾಡದೆಯೇ ಒಂದು ಗಂಟೆ ಕಳೆದುಕೊಂಡೆವು. ಕ್ಯಾಂಟನ್ ತಲುಪಿದಾಗ ಅಲ್ಲಿನ ಒಂದೂವರೆ. ಅಚ್ಚುಕಟ್ಟಾದ ಸಬ್‌ಡಿವಿಷನ್, ಒಂದೇ ಥರದ ಮನೆಗಳು. ಹುಲ್ಲುಹಾಸಿನ ಮೇಲೆ ಅಲ್ಲೊಂದು ಇಲ್ಲೊಂದು 'ಫಾರ್ ಸೇಲ್' ಬೋರ್ಡು. ಬಸವರಾಜರ ಮನೆ ಮುಂದೆಯೂ ಒಂದಿತ್ತು. ಡ್ರೈವ್‌ವೇಯಲ್ಲಿ ತೊಳೆದು ಒರೆಸಿದ ಬೂದು ಬಣ್ಣದ ವ್ಯಾನ್ ನಿಂತಿತ್ತು.

"ಬರ್ರಿ ಬರ್ರಿ. ದಾರಿ ಸರಳ ಸಿಕ್ತಿಲ್ರಿ?" ಎನ್ನುತ್ತ ಬಸವರಾಜ ಹೊರಗೆ ಬಂದರು. ಧಾರವಾಡದ ಕಡೆಯವರು, ಐವತ್ತರ ಆಸುಪಾಸು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಹದಿನೈದು ವರ್ಷ ಎಂಜಿನಿಯರ್ ಆಗಿದ್ದವರು. ಚಳಿಗಾಲದಲ್ಲಿ ಕೆಲಸ ಹೋಗಿತ್ತು. ಮನೆ ಮಾರಾಟವಾದರೆ ಟೆಕ್ಸಸ್‌ನಲ್ಲಿರುವ ತಮ್ಮನ ಹತ್ತಿರ ಹೋಗುವವರಿದ್ದರು. ಶ್ರೀಧರ ವ್ಯಾನಿನ ಬಾನೆಟ್ಟಿನತ್ತ ಹೆಜ್ಜೆ ಹಾಕಿದ. ಬಸವರಾಜರ ಹೆಂಡತಿ ಸುಮಂಗಲಾ ಬಾಗಿಲಲ್ಲಿ ನಿಂತು, "ಮದ್ಲ ಊಟ, ಆಮ್ಯಾಲೆ ಗಾಡಿ" ಎಂದರು.

ಇಂಥ ವ್ಯಾಪಾರದಲ್ಲಿ ಮೊದಲು ಉಣ್ಣಬಾರದು ಎಂದು ನನ್ನ ಮನಸ್ಸು ಹೇಳಿತು. ಉಪ್ಪುಂಡ ಮನೆಯಲ್ಲಿ ಎದ್ದು ಹೋಗಿ ಟೈರಿಗೆ ಒದ್ದು ನೋಡಿ ಚೌಕಾಸಿ ಮಾಡುವುದು ಹೇಗೆ? ಆದರೆ ಒಳಗೆ ಜೋಳದ ರೊಟ್ಟಿಯ ವಾಸನೆ ಬರುತ್ತಿತ್ತು, ನಮಗೆ ಹಸಿವಾಗಿತ್ತು. ಸೋಫಾ ಮಾರಿಬಿಟ್ಟಿದ್ದರಿಂದ ಖಾಲಿ ಹಾಲ್‌ನಲ್ಲಿ ಚಾಪೆ ಹಾಸಿದ್ದರು. ಅತ್ತೆಗೆ ಮಾತ್ರ ಒಂದು ಕುರ್ಚಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಅನನ್ಯ ನಾಲ್ಕು ರೊಟ್ಟಿ ತಿಂದಳು. ಸಾಕು ಎಂದವರ ತಟ್ಟೆಗೆಲ್ಲ ಸುಮಂಗಲಾ ಇನ್ನೊಂದು ಹಾಕಿದರು.

ಊಟವಾದ ಮೇಲೆ ಶ್ರೀಧರ ವ್ಯಾನನ್ನು ಸಬ್‌ಡಿವಿಷನ್ನಿನಲ್ಲಿ ಎರಡು ಸುತ್ತು ಓಡಿಸಿ ಬಂದ. "ಬೆಣ್ಣೆ ಹಾಗಿದೆ" ಎಂದ. ಬಸವರಾಜ ಕೀಲಿಕೈಯನ್ನು ವಾಪಸು ತೆಗೆದುಕೊಂಡರು. ಈಗ ಅತ್ತೆಯ ಸರದಿ. ನಾವಿಬ್ಬರೂ ಅಭ್ಯಾಸಬಲದಿಂದ ಅವರ ಎರಡು ಪಕ್ಕಕ್ಕೆ ಹೋದೆವು. "ದೂರ ನಿಂತ್ಕೊಳ್ಳಿ" ಎಂದರು. ಬಾಗಿಲು ಪಕ್ಕಕ್ಕೆ ಜಾರಿತು. ಅತ್ತೆ ವಾಕರ್ ಬಿಟ್ಟು ಒಳಗಿನ ಹಿಡಿಯನ್ನು ಹಿಡಿದರು. ಬಲಗಾಲು ಇಟ್ಟರು. ಸ್ವಲ್ಪ ಹೊತ್ತು ಹಾಗೇ ನಿಂತು, ಸೊಂಟ ತಿರುಗಿಸಿ, ಎಡಗಾಲನ್ನು ತಾವೇ ಎಳೆದುಕೊಂಡು ಕೂತರು. ಯಾರೂ ಅವರನ್ನು ಮುಟ್ಟಲಿಲ್ಲ.

"ಬಾಗಿಲು ಹಾಕು" ಎಂದರು ಅನನ್ಯಳಿಗೆ.

ಅವಳು ಬಾಗಿಲು ಹಾಕಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಕಿಟಕಿಯಿಂದ ಬೀದಿ ನೋಡುತ್ತ ಕೂತರು. ಕರೆದರೂ ಇಳಿಯಲಿಲ್ಲ. ಸುಮಂಗಲಾ ಅಲ್ಲಿಗೇ ಚಹಾ ತಂದುಕೊಟ್ಟರು. ಎದುರು ಮನೆಯ ಮುದುಕ ಕೈ ಬೀಸಿದಾಗ ಅತ್ತೆ ಕೂಡ ಕೈ ಬೀಸಿದರು. ಅತ್ತೆಯ ಆ ಮುಖವನ್ನು ನಾನು ಆರು ತಿಂಗಳಿಂದ ಕಂಡಿರಲಿಲ್ಲ. ಇದೇ ವ್ಯಾನ್ ಆಗಬೇಕು, ಬೇರೇನೂ ನೋಡುವುದು ಬೇಡ ಎಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ.

ಚೆಕ್ ಬರೆಯಲು ಶ್ರೀಧರ ಅಡಿಗೆಮನೆಯಲ್ಲಿ ಪೆನ್ನು ತೆಗೆದ. ಬಸವರಾಜ ಅವನ ಕೈ ಹಿಡಿದುಕೊಂಡರು.

"ಬ್ಯಾಡ್ರಿ. ನಿಮಗ ಕೊಡಾಕ ಆಗೂದಿಲ್ಲ."

ನಮಗೆ ಅರ್ಥವಾಗಲಿಲ್ಲ. ಬೆಲೆ ಸಾಲದೇನೋ ಎಂದುಕೊಂಡೆವು.

"ರೊಕ್ಕದ ಮಾತಲ್ರಿ. ತಣ್ಣಗಿದ್ದಾಗ ಏನೂ ತೋರಸಂಗಿಲ್ಲ. ಹೈವೇದಾಗ ನಲವತ್ತು ಮೈಲಿ ಓಡಿದ ಮ್ಯಾಲೆ ಗೇರ್ ಜಾರತದ. ಟ್ರಾನ್ಸ್‌ಮಿಷನ್ ಮುಗದದ. ರಿಪೇರಿಗೆ ಗಾಡಿ ರೇಟೇ ಬೀಳತದ. ಯಾರರೆ ಬ್ಯಾರೆದವ್ರು ಬಂದಿದ್ರ ಕೊಟ್ಟು ಕೈ ತೊಳಕೋತಿದ್ದೆ. ನೀವು ನಮ್ಮ ಮಂದಿ. ಆ ಅಮ್ಮನ್ನ ಕುಂಡ್ರಿಸ್ಕೊಂಡು ಹೊಂಟಾಗ ನಡು ದಾರ್ಯಾಗ ನಿಂತ್ರ ಹೆಂಗ್ರಿ?"

ನನಗೆ ಅಳುವಷ್ಟು ಸಿಟ್ಟು ಬಂತು. ನಮ್ಮವರು ಮೋಸ ಮಾಡುವುದಿಲ್ಲ ಎಂದು ಇಷ್ಟು ದೂರ ಬಂದೆವು; ಅವರು ಮೋಸ ಮಾಡಲಿಲ್ಲ, ಅದೇ ತೊಂದರೆಯಾಗಿತ್ತು. "ಊರೊಳಗೆ ಮಾತ್ರ ಓಡಿಸ್ತೀವಿ, ಸ್ಕೋಕಿಗೆ ಹತ್ತು ಮೈಲಿ ಅಷ್ಟೆ. ಕೊಡಿ" ಎಂದೆ. "ಮದ್ಲ ಮನಿ ಮುಟ್ಟಬೇಕಲ್ರಿ" ಎಂದರು ಬಸವರಾಜ. ಅದು ನ್ಯಾಯವಾದ ಮಾತೇ. ಶ್ರೀಧರ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟ.

ಅತ್ತೆಗೆ ಹೇಳುವವರು ಯಾರು? ಕೊನೆಗೆ ನಾನೇ ಹೋದೆ, ಉಳಿದವರು ಹಿಂದೆ ಬಂದರು. ಬಾಗಿಲು ಸರಿಸಿ ಗೇರಿನ ವಿಷಯ ಹೇಳಿದೆ, ಅವರು ಮಾರುವುದಿಲ್ಲವಂತೆ, ಇಳಿಯಬೇಕು ಎಂದೆ. ಅತ್ತೆ ನನ್ನನ್ನು ಬಿಟ್ಟು ಬಸವರಾಜರನ್ನು ನೋಡಿದರು.

"ಬೇರೆಯೋರಾಗಿದ್ರೆ ಕೊಡ್ತಿದ್ದೆಯೇನಪ್ಪಾ?"

ಬಸವರಾಜ ಹೌದೆಂದು ತಲೆ ಆಡಿಸಿದರು.

ಅತ್ತೆ ಸೊಂಟದ ಚೀಲದಿಂದ ಇಪ್ಪತ್ತು ಡಾಲರಿನ ನೋಟು ತೆಗೆದು ಮುಂದೆ ಹಿಡಿದರು. ಅಂಚೆ ಕಚೇರಿಯ ಕೌಂಟರಿನ ದನಿಯಲ್ಲೇ ಹೇಳಿದರು: "ತಗೋ. ನಾವು ನಾಲ್ಕು ಜನ ಉಂಡಿದ್ದಕ್ಕೆ ದುಡ್ಡು. ಇದೊಂದು ಹೋಟ್ಲು ಅಂದ್ಕೋ. ಈಗ ನೀನ್ಯಾರೋ, ನಾವ್ಯಾರೋ. ಇನ್ನು ವ್ಯಾನ್ ಕೊಡು."

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸುಮಂಗಲಾ ಬಾಯಿಗೆ ಸೆರಗು ಹಿಡಿದರು. ಬಸವರಾಜ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಎಲ್ಲಾ ಮಾರಾಕತ್ತೀನ್ರಿ ಅಮ್ಮಾ. ಮನಿ, ಸೋಫಾ, ಹುಡುಗ್ರ ಸೈಕಲ್ಲು. ರೊಟ್ಟಿ ಮಾರಂಗಿಲ್ರಿ."

ಅತ್ತೆ ನೋಟನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡರು. ನಾನು ಕೈ ಚಾಚಿದೆ, ಅವರು ಹಿಡಿಯಲಿಲ್ಲ. ಹತ್ತಿದ ಹಾಗೆಯೇ, ತಾವೇ ನಿಧಾನವಾಗಿ ಇಳಿದರು. "ತಪ್ಪು ತಿಳ್ಕೋಬೇಡಮ್ಮ. ಎಣ್ಣೆಗಾಯಿ ಚೆನ್ನಾಗಿತ್ತು" ಎಂದು ಸುಮಂಗಲಾಗೆ ಹೇಳಿ ಕೊರೊಲಾದ ಕಡೆ ವಾಕರ್ ತಿರುಗಿಸಿದರು. ಅಲ್ಲಿ ಮತ್ತೆ ಅದೇ ಎಳೆಯುವುದು, ಅದೇ ಎತ್ತುವುದು. ಬಸವರಾಜರೂ ಒಂದು ಕೈ ಹಾಕಿದರು. ಸುಮಂಗಲಾ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಗಂಡ ಹೆಂಡತಿ ಇಬ್ಬರೂ ಆ ವ್ಯಾನಿನ ಪಕ್ಕದಲ್ಲಿ ಇನ್ನೂ ನಿಂತಿದ್ದರು.

ಜಾಕ್ಸನ್ ಊರು ದಾಟಿದ ಮೇಲೆ ನಾನು, "ಇದನ್ನ ಫೋನಲ್ಲೇ ಹೇಳಬಹುದಿತ್ತು" ಎಂದೆ.

"ಹೇಳಿದ್ರೆ ನಾವು ಬರ್ತಿರಲಿಲ್ಲ" ಎಂದ ಶ್ರೀಧರ. "ಕೆಲಸ ಹೋದ ಮೇಲೆ ಆ ಮನೆಗೆ ಯಾರೂ ಊಟಕ್ಕೆ ಬಂದಿಲ್ವಂತೆ. ನಾವೇ ಮೊದಲು. ಅಡಿಗೆಮನೇಲಿ ಹೇಳಿದ್ರು."

ಅವನ ದನಿಯಲ್ಲಿ ಏನಿತ್ತೆಂದು ನನಗೆ ತಿಳಿಯಿತು. ನಮ್ಮ ಮನೆಗೂ ಈಗೀಗ ಯಾರೂ ಬರುತ್ತಿರಲಿಲ್ಲ, ನಾವೂ ಕರೆದಿರಲಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಅತ್ತೆ ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ಅನನ್ಯ, "ಕ್ಯಾನ್ ವಿ ಜಸ್ಟ್ ಗೆಟ್ ಹೋಮ್?" ಎಂದಳು. ಗ್ಯಾರಿಯ ಹತ್ತಿರ ಗ್ಯಾಲನ್ನಿಗೆ ಎರಡು ಡಾಲರ್ ಚಿಲ್ಲರೆಯಂತೆ ಪೆಟ್ರೋಲ್ ಹಾಕಿಸಿ, ಬಂಕಿನ ಪಕ್ಕದಲ್ಲೇ ನಿಂತು ರೊಟ್ಟಿ ತಿಂದೆವು. ಡ್ಯಾನ್ ರಯನ್ ಹೈವೇಯಲ್ಲಿ ಒಂದು ಗಂಟೆ ಟ್ರಾಫಿಕ್. ಮಿಶಿಗನ್‌ಗೆ ಕೊಟ್ಟ ಗಂಟೆ ವಾಪಸು ಸಿಕ್ಕಿದ್ದು ಹೀಗೆ ಖರ್ಚಾಯಿತು.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅತ್ತೆಯನ್ನು ಇಳಿಸುವ ಹೊತ್ತಿಗೆ ನನ್ನ ಬೆನ್ನು ಬಿದ್ದುಹೋಗಿತ್ತು. ಇನ್ನು ಇವರು ಕೋಣೆಗೆ ಹೋಗಿ ಗೋಡೆ ಕಡೆ ತಿರುಗಿದರೆ ಮತ್ತೆ ಈ ಕಡೆಗೆ ತಿರುಗಿಸುವುದು ನಮ್ಮಿಂದಾಗದು ಎಂದುಕೊಂಡು ವಾಕರ್ ಮುಂದಿಟ್ಟೆ. ಅತ್ತೆ ಹೆಜ್ಜೆ ಇಡಲಿಲ್ಲ. ನನ್ನ ಭುಜ ಹಿಡಿದು ಡ್ರೈವ್‌ವೇಯಲ್ಲೇ ನಿಂತು, ಉಸಿರು ಹಿಡಿತಕ್ಕೆ ಬಂದ ಮೇಲೆ ಮಗನನ್ನು ಕೇಳಿದರು.

"ಬರೋ ಶನಿವಾರ ಯಾವೂರು?"

"ನೋಡೋಣ ಅಮ್ಮ" ಎಂದ ಶ್ರೀಧರ.

"ನೋಡೋಣ ಅಲ್ಲ. ಈ ಸಲ ನಮ್ಮೋರು ಬೇಡ. ಗುರುತು ಪರಿಚಯ ಇಲ್ಲದ ಯಾವನಾದ್ರೂ ಕಳ್ಳನ್ನೇ ಹುಡುಕು. ನಾನೂ ಬರ್ತೀನಿ."

ಇನ್ನೊಂದು ಶನಿವಾರ ಇದೇ ಕಾರಿನಲ್ಲಿ ಇದೇ ಪಾಡು ಎಂದು ನನ್ನ ಬೆನ್ನು ಗೊಣಗಿತು. ಆದರೆ ನಾನೂ ಬರುತ್ತೇನೆ ಎಂದು ಅವರೇ ಹೇಳಿದ್ದನ್ನು ಕೇಳಿ, ಇಡೀ ದಿನ ತಡೆದಿದ್ದ ಅಳು ನನಗೆ ಅಲ್ಲೇ ಬಂದುಬಿಟ್ಟಿತು.