ತಂಗೆವ್ವ ತೀರಿಕೊಂಡ ಸುದ್ದಿ

ದುಂಡೇಶ ಯಾವ ಪತ್ರಿಕೆಯ ನೌಕರನೂ ಅಲ್ಲ. ಜಮಖಂಡಿಯ ಬಾಡಿಗೆ ಕೋಣೆಯಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಬರೆದೇ ಬದುಕಿದ್ದಾನೆ. ಮುಧೋಳದ ಸೊಸೈಟಿಯ ನೆನಪಿನ ಸಂಚಿಕೆ, ಬನಹಟ್ಟಿಯ ಸೀರೆ ಅಂಗಡಿಯ ಜಾಹೀರಾತು, ನಿವೃತ್ತರಾಗುವ ಮಾಸ್ತರರ ಸನ್ಮಾನಪತ್ರ, ಯಾರು ಏನು ಕೇಳಿದರೂ ಬರೆದುಕೊಡುತ್ತಾನೆ. ಅವುಗಳಲ್ಲಿ ಅವನ ಹೆಸರಿರುವುದಿಲ್ಲ. ಹೆಸರು ಬರುತ್ತಿದ್ದದ್ದು ಒಂದು ವಾರಪತ್ರಿಕೆಯಲ್ಲಿ ಮಾತ್ರ. ಅಲ್ಲಿ ಪ್ರತಿ ವಾರ ಒಬ್ಬ ಸಾಮಾನ್ಯ ಮನುಷ್ಯನ ಬಗ್ಗೆ ಬರೆಯುತ್ತಿದ್ದ.

ಆ ಹುಚ್ಚು ಹಿಡಿಸಿದವನು ಬಸ್ ಕಂಡಕ್ಟರ್ ಆಗಿದ್ದ ಅಪ್ಪ, ತುಕಾರಾಮ. ಡ್ಯೂಟಿ ಮುಗಿಸಿ ಊಟಕ್ಕೆ ಕುಳಿತಾಗ ಅಂದು ಬಸ್ಸಿನಲ್ಲಿ ಕಂಡ ಒಬ್ಬರ ಬಗ್ಗೆ ಹೇಳುತ್ತಿದ್ದ. ತೊಡೆಯ ಮೇಲಿನ ಕೋಳಿಗೂ ಟಿಕೆಟ್ ಕೊಡು ಎಂದು ಜಗಳ ತೆಗೆದ ಸಾವಳಗಿಯ ಮುದುಕಿಯನ್ನು ಅವನು ಅಭಿನಯಿಸಿ ತೋರಿಸಿದರೆ ಮನೆಮಂದಿಯೆಲ್ಲ ನಗುತ್ತಿದ್ದರು. ದುಂಡೇಶನೂ ಮೊದಮೊದಲು ಹಳ್ಳಿಹಳ್ಳಿಗೆ ಹೋಗಿ, ಮಂದಿಯ ಜೊತೆ ಕುಳಿತು ಬರೆಯುತ್ತಿದ್ದ. ಕೆಲಸ ಹೆಚ್ಚಾದಂತೆ ಫೋನಿನಲ್ಲೇ ಮುಗಿಸತೊಡಗಿದ.

ಹೋದ ಬೇಸಿಗೆಯಲ್ಲಿ ಹುನ್ನೂರಿನ ಕುರಿಗಾರ ಜಕ್ಕಪ್ಪನ ಬಗ್ಗೆ ಬರೆಯಬೇಕಿತ್ತು. ಬೀರೇಶ್ವರನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವ ಮುದುಕ. ಬಿಸಿಲಿಗೆ ಬೇಸತ್ತ ದುಂಡೇಶ ಹನ್ನೊಂದು ನಿಮಿಷ ಫೋನಿನಲ್ಲಿ ಮಾತಾಡಿದ. ಹೆಂಡತಿಯ ಹೆಸರು ತಂಗೆವ್ವ ಎಂದ ಜಕ್ಕಪ್ಪ, ಅವಳ ಬಗ್ಗೆ ಕೇಳಿದಾಗ ಹೇಳಿದ್ದು ಇಷ್ಟೇ: “ಅಕಿ ಹೋಗಿ ಒಂದ ತಿಂಗಳಾತ್ರಿ. ಮನ್ಯಾಗ ಮಾತಾಡಾಕ ಯಾರೂ ಇಲ್ಲ.”

ದುಂಡೇಶ ಮರುಮಾತು ಕೇಳಲಿಲ್ಲ. ‘ಹೆಂಡತಿ ತಂಗೆವ್ವ ತೀರಿಕೊಂಡ ತಿಂಗಳಿಗೇ ಜಕ್ಕಪ್ಪ ಮತ್ತೆ ಕುರಿ ಹಿಂಡಿನ ಹಿಂದೆ ನಡೆದ’ ಎಂದು ಬರೆದ. ಅಷ್ಟಕ್ಕೇ ನಿಲ್ಲದೆ, ‘ಆಕೆ ಇದ್ದಾಗ ಎಂಥ ದಾರಿಯೂ ದೂರ ಅನಿಸುತ್ತಿರಲಿಲ್ಲ’ ಎಂಬ ಮಾತನ್ನು ಅವನ ಬಾಯಿಗೆ ಹಾಕಿದ. ಓದಿದವರು ಕಣ್ಣೀರು ಬಂತೆಂದು ಸಂದೇಶ ಕಳಿಸಿದರು. ಚಹಾದಂಗಡಿಯಲ್ಲಿ ಕುಳಿತು ಅವನ್ನು ಎರಡೆರಡು ಸಲ ಓದುತ್ತಿದ್ದಾಗ ಫೋನ್ ಬಂತು.

“ನಾ ತಂಗೆವ್ವ ಮಾತಾಡಾಕತ್ತೇನಿ. ನಾ ಸತ್ತೇನಂತ ಪ್ಯಾಪರಿನ್ಯಾಗ ಬರದೀರೇನ್ರಿ?”

ಮಗಳ ಕೈ ಮುರಿದಿತ್ತು. ಅವಳಿಗೆ ಅಡುಗೆ ಮಾಡಿಹಾಕಲು ತಂಗೆವ್ವ ಸಾವಳಗಿಗೆ ಹೋಗಿದ್ದಳು, ಅಷ್ಟೇ. ಪತ್ರಿಕೆ ನೋಡಿ ಊರಿಗೆ ಮರಳಿದ್ದಳು.

ಆ ಮಧ್ಯಾಹ್ನವೇ ದುಂಡೇಶ ಹುನ್ನೂರಿನ ಬಸ್ಸು ಹತ್ತಿದ. ಮನೆಯ ಹೊರಗೆ ಸಾವಿನ ಸುದ್ದಿ ಓದಿ ಬಂದವರು ಕುಳಿತಿದ್ದರು. ಒಳಗೆ ಬೀಳಗಿಯಿಂದ ಬಂದಿದ್ದ ತಂಗೆವ್ವನ ತಂಗಿ ಯಂಕವ್ವ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿದ್ದಳು.

“ಬಸ್ಸಿನ ತುಂಬ ಅಳಕೋತ ಬಂದೇನಿ. ಬಂದು ನೋಡಿದ್ರ ಅಕ್ಕ ರೊಟ್ಟಿ ಬಡ್ಯಾಕತ್ತಾಳ,” ಅಂದಳು ಯಂಕವ್ವ.

ದುಂಡೇಶ ತಂಗೆವ್ವನ ಕಾಲು ಮುಟ್ಟಲು ಹೋದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು ಪತ್ರಿಕೆಯನ್ನು ಮುಂದೆ ಹಿಡಿದಳು.

“ಮದಲ ಓದ್ರಿ. ಬರದವರ ಬಾಯಿಲೇ ಕೇಳಬೇಕ.”

ಅವನು ಓದಿದ. ಮೂಲೆಯಲ್ಲಿ ಜಕ್ಕಪ್ಪ ತಲೆ ತಗ್ಗಿಸಿ ಕುಳಿತಿದ್ದ. ದಾರಿಯ ಮಾತು ಬಂದಾಗ ತಂಗೆವ್ವ ಕೈ ಎತ್ತಿದಳು.

“ಅಷ್ಟ ಇನ್ನೊಮ್ಮೆ ಓದ್ರಿ.”

ಓದಿದ. ಅವಳು ಗಂಡನ ಕಡೆ ತಿರುಗಿದಳು. ದನಿ ಮೆತ್ತಗಾಗಿತ್ತು. “ನೀ ಹಿಂಗ ಅಂದಿ?”

ಜಕ್ಕಪ್ಪ ದುಂಡೇಶನ ಮುಖ ನೋಡಿದ. ಹೌದು ಎಂದುಬಿಟ್ಟರೆ ಎಲ್ಲರಿಗೂ ಹಗುರಾಗುತ್ತಿತ್ತು. ದುಂಡೇಶನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಆದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು.

“ಇಲ್ಲ ಬೇ ಯವ್ವಾ. ಅವರು ಅಂದಿಲ್ಲ. ನಾನ ಕಟ್ಟಿ ಬರದೇನಿ.”

“ಹಂಗಾದ್ರ ನಾ ಸತ್ತದ್ದೂ ಸುಳ್ಳ, ಇಂವ ನೆನಿಸಿದ್ದೂ ಸುಳ್ಳ,” ಎಂದು ತಂಗೆವ್ವ ನಕ್ಕಳು. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. “ಎಲ್ಲಿ ಹೋಗ್ಯಾಳ ಅಂತ ಒಂದ ಮಾತ ಕೇಳಿದ್ರ ಆಗತಿತ್ತಲ್ರಿ?”

ಅವಳು ಕೊಟ್ಟ ಮಜ್ಜಿಗೆ ಅರ್ಧ ಬಿಟ್ಟು ದುಂಡೇಶ ಎದ್ದ.

ಸಂಪಾದಕ ಗಿರಿಮಲ್ಲಪ್ಪ ‘ತಪ್ಪು ಮಾಹಿತಿಯಿಂದಾಗಿ’ ಎಂದು ಎರಡು ಸಾಲು ಹಾಕಲು ಹೊರಟಾಗ ದುಂಡೇಶ ಒಪ್ಪಲಿಲ್ಲ. ಮಾಹಿತಿ ತಪ್ಪಿರಲಿಲ್ಲ, ಬರೆದವನು ಆ ಊರಿಗೇ ಹೋಗಿರಲಿಲ್ಲ ಎಂದು ಹಾಕಿ ಅಂದ. ಹಾಗೆಯೇ ಅಚ್ಚಾಯಿತು. ಮುಂದಿನ ವಾರದಿಂದ ಅಂಕಣ ನಿಂತಿತು.

ಹಳೆಯ ಲೇಖನಗಳನ್ನು ತೆಗೆದು ನೋಡಿದರೆ ಫೋನಿನಲ್ಲಿ ಮುಗಿಸಿದವು ಹತ್ತೊಂಬತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದ. ಬಹಳ ಮಂದಿ “ಛಲೋ ಬಂದಿತ್ತು ಬಿಡ್ರಿ” ಅಂದರು. ರಬಕವಿಯ ನೇಕಾರ ಹೆಣ್ಣುಮಗಳೊಬ್ಬಳು ಮಾತ್ರ, “ಅದರಾಗಿನ ಮಾತು ನಾ ಅಂದಿದ್ದಿಲ್ರಿ. ಪ್ಯಾಪರಿನ್ಯಾಗ ಬಂದೈತಿ, ನಾನ ಅಂದು ಮರತಿರಬೇಕಂತ ಸುಮ್ಮಕಾದ್ನಿ,” ಅಂದಳು. ಆಕೆ ತನ್ನ ನೆನಪನ್ನೇ ಅನುಮಾನಿಸುವಂತೆ ಮಾಡಿದ್ದ ದುಂಡೇಶ.

ಈಗ ಬೇರೊಂದು ಪತ್ರಿಕೆಗೆ ತಿಂಗಳಿಗೊಂದು ಬರೆಯುತ್ತಾನೆ. ಹೋಗಿ, ನೋಡಿ, ಬರೆದದ್ದನ್ನು ಅವರ ಮುಂದೆಯೇ ಓದಿ ಕಳಿಸುತ್ತಾನೆ. ಮೊನ್ನೆ ತಿಮ್ಮಾಪುರದಲ್ಲಿ ಮನೆಯಲ್ಲೇ ಬೇಟೆನಾಯಿ ಸಾಕಿಕೊಂಡಿರುವ ಹೊಳಬಸಪ್ಪನ ಮುಂದೆ ಓದುತ್ತಿದ್ದಾಗ ಅವನು ನಡುವೆ ತಡೆದ.

“ನಾಯಿ ನನ್ನ ಮಗನಿದ್ದಂಗ ಅಂತ ನಾ ಯಾವಾಗ ಅಂದೇನ್ರಿ? ನಾಯಿ ನಾಯಿನ. ಅದನ್ನ ತಗೀರಿ.”

ದುಂಡೇಶನ ಮುಖ ಬಿಸಿಯಾಯಿತು. ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದ.