ಆಂಟಿ ತೋರಿಸಿದ ಬಿಳಿ ಪುಟ

ಮೊನ್ನೆ ಮಂಗಳೂರಿನ ಬಂಧುಗಳ ಮನೆಯಲ್ಲಿ, ಬಹಳ ದಿನ ಮುಚ್ಚಿಟ್ಟಿದ್ದ ಕೋಣೆಯೊಂದರ ಎಸಿ ಹಾಕಿದರು. ತಂಪಿಗಿಂತ ಮೊದಲು ಒದ್ದೆ ಧೂಳಿನ ವಾಸನೆ ಬಂತು. ನಾನು ಕೂತಲ್ಲಿಂದ ಎದ್ದೆ, ಕಿಟಕಿಯವರೆಗೆ ಹೋದೆ, ಮತ್ತೆ ಬಂದು ಕೂತೆ... ಮೂವತ್ತೈದು ವರ್ಷಗಳ ಹಿಂದೆಯೂ ಇದೇ ವಾಸನೆಯ ಕೋಣೆಯೊಂದರಲ್ಲಿ ನಾನು ಹೀಗೆಯೇ ಎದ್ದು ಕೂತು ಮಾಡುತ್ತಿದ್ದೆ. ಅದು ಒಮಾನಿನ ಅಲ್ ಖೌದ್‌ನಲ್ಲಿ, ನಮ್ಮ ಎದುರು ಫ್ಲಾಟಿನ ಆಂಟಿಯ ಕೋಣೆ.

1990ರ ಆಗಸ್ಟ್. ನನಗೆ ಹತ್ತು ವರ್ಷ. ಅಪ್ಪನಿಗೆ ಆ ವರ್ಷ ಊರಿಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಕುವೈತಿಗೆ ಇರಾಕಿನ ಸೈನ್ಯ ನುಗ್ಗಿದ ಸುದ್ದಿ ಬಂದ ಮೇಲೆ ನಮ್ಮ ಕಟ್ಟಡದಲ್ಲಿ ಯಾರೂ ಒಂದು ಕಡೆ ನೆಟ್ಟಗೆ ಕೂರುತ್ತಿರಲಿಲ್ಲ. ಅಪ್ಪ ರೇಡಿಯೋ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದರು. ಅಮ್ಮ ಸಿಕ್ಕಿದ ಬಕೆಟಿಗೆಲ್ಲ ನೀರು ತುಂಬಿಡುತ್ತಿದ್ದಳು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಆಂಟಿಯ ಅಣ್ಣ ಕುವೈತಿನಲ್ಲಿದ್ದರು. ಫೋನ್ ಲೈನು ಸಿಗುತ್ತಿರಲಿಲ್ಲ. "ಅವರ ಎದುರು ಕುವೈತ್ ಅಂತ ಬಾಯಿ ಬಿಡಬೇಡ" ಎಂದು ಅಮ್ಮ ಎಚ್ಚರಿಸಿದ್ದಳು. ಉಡುಪಿ ಕಡೆಯ ಆಂಟಿ ಮದುವೆಗೆ ಮೊದಲು ಊರಿನಲ್ಲಿ ಟೀಚರ್ ಆಗಿದ್ದವರು. ಒಂದು ಬೆಳಿಗ್ಗೆ ಅವರೇ ನಮ್ಮ ಬಾಗಿಲಿಗೆ ಬಂದು, "ಮಕ್ಕಳನ್ನು ನನ್ನಲ್ಲಿಗೆ ಕಳಿಸಿ ಅಕ್ಕಾ. ನನಗೂ ಹೊತ್ತು ಹೋಗಬೇಕಲ್ಲ" ಎಂದರು. ಕಟ್ಟಡದ ಆರೇಳು ಮಕ್ಕಳು ಸೇರಿದೆವು.

ಅವರ ಹತ್ತಿರ ನಾಲ್ಕು ಚಿತ್ರಪುಸ್ತಕಗಳಿದ್ದವು. ನಾಲ್ಕರಲ್ಲೂ ಕಥೆ ಬರೆದವರು, ಚಿತ್ರ ಬಿಡಿಸಿದವರು ಒಬ್ಬರೇ. ನಮಗೋ ಕನ್ನಡ ಓದಲು ತಡವರಿಕೆ. ಆಂಟಿ ಅಕ್ಷರಗಳ ಮೇಲೆ ಕಾಗದ ಮುಚ್ಚಿ, "ಓದುವುದು ಆಮೇಲೆ. ಮೊದಲು ಅವರು ಎಂತ ಬಿಡಿಸಿದ್ದಾರೆ ನೋಡಿ" ಎನ್ನುತ್ತಿದ್ದರು. ಆ ಚಿತ್ರಕಾರರು ಸಿಟ್ಟು ಬಂದವರನ್ನು ಪುಟದ ಅಂಚಿಗೆ ತಾಗುವಷ್ಟು ದೊಡ್ಡದಾಗಿ ಬಿಡಿಸುತ್ತಿದ್ದರು. ಹೆದರಿದವರು ಒಂದು ಮೂಲೆಯಲ್ಲಿ ಬೆರಳುದ್ದ ಇರುತ್ತಿದ್ದರು. ದಪ್ಪ ಕಪ್ಪು ಗೆರೆ ಮಳೆಗೆ ಮಾತ್ರ. ಪ್ರತಿ ಪುಸ್ತಕದಲ್ಲೂ ಎಲ್ಲೋ ಒಂದು ಕುಂಟು ಕೋಳಿ. ನಾವೇ ಕಂಡುಹಿಡಿದು "ಆಂಟೀ, ಹಿಯರ್, ಹಿಯರ್!" ಎಂದು ಕೂಗುವವರೆಗೆ ಅವರು ಏನನ್ನೂ ಹೇಳುತ್ತಿರಲಿಲ್ಲ.

ನನಗೆ ಮಾತ್ರ ತಾಳ್ಮೆಯಿರಲಿಲ್ಲ. ನೋಡಿ ಮುಗಿಯುವ ಮೊದಲೇ ಪುಟ ತಿರುಗಿಸಲು ಕೈ ಹಾಕುತ್ತಿದ್ದೆ.

ಎರಡನೇ ವಾರ ದೋಣಿಯವನ ಕಥೆ ತೆಗೆದರು. ದೋಣಿ ಮಂಜಿನೊಳಗೆ ಹೋಗುತ್ತದೆ, ದಡದಲ್ಲಿ ಅವನ ಮಗಳು ನಿಂತಿದ್ದಾಳೆ. ಪಕ್ಕದ ಪುಟ ಪೂರ್ತಿ ಬಿಳಿ. ಒಂದು ಅಕ್ಷರವೂ ಇಲ್ಲ. ನಾನು ತಿರುಗಿಸಲು ಹೋದೆ. ಆಂಟಿ ಪುಟದ ಮೇಲೆ ಕೈಯಿಟ್ಟರು. ಆಗ ನನ್ನ ಬಾಯಿಂದ ಬಂದುಬಿಟ್ಟಿತು.

"ಆಂಟಿ, ನಿಮ್ಮ ಅಣ್ಣ ಸತ್ತುಹೋಗಿದ್ದಾರಾ?"

ಉಳಿದ ಮಕ್ಕಳೆಲ್ಲ ನನ್ನನ್ನೇ ನೋಡಿದರು. ಓಡಿಹೋಗಲು ಎದ್ದೆ. ಆಂಟಿ ನನ್ನ ಫ್ರಾಕಿನ ತುದಿ ಹಿಡಿದು ಕೂರಿಸಿದರು.

"ಗೊತ್ತಿಲ್ಲ ಮಗಾ" ಎಂದರು. ಆ ಬಿಳಿ ಪುಟ ತೋರಿಸಿ, "ದೋಣಿ ಎಲ್ಲಿಗೆ ಮುಟ್ಟಿತು ಅಂತ ದಡದಲ್ಲಿ ನಿಂತವಳಿಗೆ ಕಾಣುವುದಿಲ್ಲ ಅಲ್ವಾ? ಅವಳಿಗೆ ಕಾಣದ್ದನ್ನು ಇವರು ಬಿಡಿಸಲಿಲ್ಲ. ನಾವೂ ಸ್ವಲ್ಪ ಹೊತ್ತು ಹೀಗೇ ನೋಡುವ" ಎಂದರು.

ನೋಡಿದೆವು. ಅಷ್ಟು ಹೊತ್ತು ನಾನು ಅಲುಗದೆ ಕೂತದ್ದು ಅದೇ ಮೊದಲು. ಆ ದಿನ ಪುಟ ತಿರುಗಿಸಲೇ ಇಲ್ಲ...

ಅಮ್ಮನಿಗೆ ಹೇಳಲು ಧೈರ್ಯ ಬರಲಿಲ್ಲ. ಮರುದಿನ ಹೋಗಲೋ ಬೇಡವೋ ಎಂದು ಕಾರಿಡಾರಿನಲ್ಲಿ ಅತ್ತಿತ್ತ ಸುಳಿದಾಡುತ್ತಿದ್ದೆ. ಆಂಟಿಯೇ ಬಾಗಿಲು ತೆರೆದು, "ಎಂತ ಅಲ್ಲಿ ಪರೇಡು? ಒಳಗೆ ಬಾ" ಎಂದರು.

ಶಾಲೆ ಶುರುವಾದ ಮೇಲೆ ರಜೆಯ ದಿನವಾದ ಶುಕ್ರವಾರ ಮಾತ್ರ ಸೇರುತ್ತಿದ್ದೆವು. ಅಂಥ ಒಂದು ಶುಕ್ರವಾರ ಕೆಳಗಿನ ಅಂಗಡಿಯ ಬ್ಯಾರಿ ಕಾಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಊರಿನ ಫೋನುಗಳೆಲ್ಲ ಅವರ ಅಂಗಡಿಗೇ ಬರುತ್ತಿದ್ದವು.

"ಅಕ್ಕಾ, ನಿಮ್ಮ ಅಣ್ಣ ಬೊಂಬಾಯಿಗೆ ಮುಟ್ಟಿದ್ದಾರಂತೆ! ಫೋನ್ ಇಡಲಿಲ್ಲ, ಯಲ್ಲಾ, ಬೇಗ ಬನ್ನಿ!"

ಆಂಟಿ ಚಪ್ಪಲಿ ಹಾಕದೆ ಇಳಿದು ಓಡಿದರು.

ಅಣ್ಣನನ್ನು ನೋಡಲು ಊರಿಗೆ ಹೋದವರು ಮರಳಿ ಬರಲಿಲ್ಲ. ಕೆಲವು ತಿಂಗಳಲ್ಲಿ ಅವರ ಯಜಮಾನರೂ ಕೆಲಸ ಬಿಟ್ಟು ಹೊರಟರು. ಕ್ಷಮೆ ಕೇಳಬೇಕೆಂದುಕೊಂಡದ್ದು ಹಾಗೇ ಉಳಿಯಿತು. ಮತ್ತೆ ಓದು, ಮದುವೆ, ಮಕ್ಕಳು...

ಮೊನ್ನೆ ಆ ಕೋಣೆಯಿಂದ ಎದ್ದು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಅವರಿವರನ್ನು ವಿಚಾರಿಸಿದೆ. ನಾಲ್ಕು ದಿನಕ್ಕೆ ಸಿಕ್ಕಿದ್ದು ಆಂಟಿಯ ಅಣ್ಣನ ನಂಬರು. ಎಂಬತ್ತು ದಾಟಿದ ದನಿ. ತಂಗಿ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ಆಮೇಲೆ, "ಅಲ್ಲಿ ಮಕ್ಕಳಿಗೆ ಪಾಠ ಮಾಡ್ತಿದ್ದಳಾ? ನಮಗೆ ಹೇಳಲೇ ಇಲ್ಲವಲ್ಲ" ಎಂದರು.

ನಾನು ಎಲ್ಲವನ್ನೂ ಹೇಳಿದೆ. ನಾನು ಕೇಳಿದ ಪ್ರಶ್ನೆಯನ್ನೂ.

"ನೀನು ಕೇಳಿದ್ದು ಒಳ್ಳೆಯದೇ ಆಯ್ತು ಮಗಾ" ಎಂದರು ಅವರು. "ದೊಡ್ಡವರು ಯಾರೂ ಅವಳನ್ನು ಕೇಳಿರಲಿಕ್ಕಿಲ್ಲ."

ನಾನು "ಕ್ಷಮಿಸಿ" ಎಂದೆ. ಆ ಮಾತು ಸಲ್ಲಬೇಕಾದದ್ದು ಅವರಿಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.