ಮೂರನೆಯ ಎಲೆ

ಮಕ್ಕಳೇ, ನಮ್ಮ ಬಾಗಿಲ ಹೊರಗಿನ ಚಪ್ಪಲಿಗಳೆಲ್ಲ ಮೂತಿ ಹೊರಕ್ಕೆ ಮಾಡಿ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದರೆ, ಒಳಗೆ ಕೇಕೊ ಸಾನ್ ಬಂದಿದ್ದಾರೆ ಎಂದೇ ಲೆಕ್ಕ. ಗಲ್ಫಿನಲ್ಲಿ ನಾವಿದ್ದ ಖಾಲಿದಿಯಾದಲ್ಲಿ ನಮ್ಮ ಎದುರು ಫ್ಲ್ಯಾಟಿನ ಜಪಾನೀ ಅಜ್ಜಿ. ನನ್ನಂತೆಯೇ ಗಂಡನನ್ನು ಕಳೆದುಕೊಂಡು ಮಗನ ಜೊತೆಗಿದ್ದವರು. ಅವರ ಅಪ್ಪ ಜಪಾನಿನ ಚಕ್ರವರ್ತಿಯ ಸೈನ್ಯದಲ್ಲಿ ಜನರಲ್. ಯುದ್ಧ ಸೋತ ಮೇಲೆ ಸಮವಸ್ತ್ರ ಕಳಚಿಟ್ಟು, ಸಾಯುವವರೆಗೆ ಊರಲ್ಲಿ ಗೆಣಸು ಬೆಳೆದರಂತೆ. "ಜನರಲ್ ಬ್ಯಾಡ್. ಗೆಣಸು ಗುಡ್!" ಎಂದು ಕೇಕೊ ಸಾನ್ ನಗುವರು. ಎಲ್ಲಿ ಕಾದಿದರೆಂದು ನಾನು ಕೇಳಿರಲಿಲ್ಲ.

ನನಗೆ ಇಂಗ್ಲಿಷ್ ಬಾರದು, ಅವರಿಗೂ ಅಷ್ಟಕ್ಕಷ್ಟೇ. ದಿನಾ ಮಧ್ಯಾಹ್ನ ಬಂದು, ನಾನು ಕಲಿಸಿದ ತುಳುವಿನಲ್ಲಿ "ಒಣಸ್ ಆಂಡಾ?" ಎಂದು ಊಟ ವಿಚಾರಿಸುವರು. ಮೊದಲ ಸಲ ಊಟಕ್ಕೆ ಕರೆದಾಗ ಅನ್ನದ ಗುಪ್ಪೆಗೆ ಚಮಚ ನೆಟ್ಟು ಕೊಟ್ಟೆ. ಹೌಹಾರಿ ಅದನ್ನು ಕಿತ್ತರು. "ನೋ, ನೋ! ಐ ನಾಟ್ ಡೆಡ್!" ಅವರಲ್ಲಿ ಅನ್ನಕ್ಕೆ ಊಟದ ಕಡ್ಡಿ ನೆಟ್ಟು ಇಡುವುದು ಸತ್ತವರಿಗೆ ಮಾತ್ರವಂತೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ತೀರಿಕೊಂಡವರಿಗೆ ಆಷಾಢದ ಆಟಿ ತಿಂಗಳಲ್ಲಿ ಎಲೆ ಬಡಿಸುತ್ತೇವಲ್ಲ, ಆ ವರ್ಷ ಎರಡು ಹಾಕಿದ್ದೆ: ನಿಮ್ಮ ಅಜ್ಜನಿಗೊಂದು, ನನ್ನ ಸೋದರಮಾವನಿಗೊಂದು. ಎರಡನೆಯ ಎಲೆ ತೋರಿಸಿ, ಯಾರದೆಂದು, "ಹೂ?" ಎಂದರು ಕೇಕೊ ಸಾನ್. ಅನೂ, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ನೀನು ಒಂದೇ ಉಸಿರಿಗೆ ಹೇಳಿಬಿಟ್ಟೆ: "ಅಜ್ಜೀಸ್ ಅಂಕಲ್. ಸೋಲ್ಜರ್. ಬರ್ಮಾದಲ್ಲಿ ಜಪಾನೀಸ್ ಆರ್ಮಿ ಕಿಲ್ಡ್ ಹಿಮ್."

ಅವರ ಮುಖ ಬಿಳಿಚಿತು. "ಮೈ ಫಾದರ್... ಬರ್ಮಾ," ಎಂದವರೇ ಎದ್ದು ಹೋದರು.

ಮೂರು ದಿನ ಚಪ್ಪಲಿಗಳು ಕಂಡಕಂಡಲ್ಲಿ ಬಿದ್ದಿದ್ದವು. ಆ ಊರಿನಲ್ಲಿ ನನಗಿದ್ದ ಗೆಳತಿ ಅವರೊಬ್ಬರೇ. ಮಾವನ ಮುಖವನ್ನು ನಾನು ಕಂಡವಳಲ್ಲ. ಆದರೆ ಅವನ ಹೆಸರೆತ್ತಿದರೆ ಅಮ್ಮ ಮುದುಕಿಯಾದ ಮೇಲೂ ಅಳುತ್ತಿದ್ದಳು. ಅದನ್ನು ಮರೆಯಲಾಗದು. ನಾಲ್ಕನೆಯ ದಿನ ಕೋಳಿ ಸಾರು, ಅನ್ನ ಮತ್ತೆ ಮಾಡಿ, ಮೂರು ಎಲೆ ಹಾಕಿ, ಎದುರು ಮನೆಯ ಬೆಲ್ ಒತ್ತಿದೆ. ನಾನಾಗಿ ಒತ್ತಿದ್ದು ಅದೇ ಮೊದಲು.

"ಯುವರ್ ಫಾದರ್. ಒಣಸ್," ಎಂದೆ.

ಬಂದವರು ಮೊದಲು ಮಾವನ ಎಲೆಯೆದುರು ಹಣೆ ನೆಲಕ್ಕೆ ತಾಗುವಂತೆ ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ ಅಪ್ಪನ ಅನ್ನಕ್ಕೆ ತಂದಿದ್ದ ಕಡ್ಡಿ ನೆಟ್ಟು, ಕಣ್ಣೊರೆಸಿಕೊಂಡು, "ಹೀ ಡೆಡ್. ಓಕೆ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ.

ಎರಡು ವರ್ಷದ ಮೇಲೆ ಅವರ ಮಗನ ಕೆಲಸ ಮುಗಿದು, ಕೇಕೊ ಸಾನ್ ಊರಿಗೆ ಹೊರಟರು. ತಬ್ಬಿಕೊಳ್ಳುವುದು ಇಬ್ಬರಿಗೂ ಬಾರದು; ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಒಬ್ಬರಿಗೊಬ್ಬರು ಬಾಗುತ್ತಲೇ ಇದ್ದೆವು. ತಿರುಗಿ ನೋಡಿದರೆ ನಮ್ಮ ಚಪ್ಪಲಿಗಳೆಲ್ಲ ಸಾಲಾಗಿ ನಿಂತಿದ್ದವು.

ಈಗಲೂ ಆಟಿಯಲ್ಲಿ ಹಾಕುವ ಮೂರನೆಯ ಎಲೆ ಯಾರಿಗೆಂದು ಚಿಕ್ಕವರು ಕೇಳುತ್ತೀರಿ. ಜನರಲ್‌ಗಲ್ಲ, ಮಕ್ಕಳೇ. ಅದರ ಮೂಲೆಯಲ್ಲಿ ಒಂದು ತುಂಡು ಬೇಯಿಸಿದ ಗೆಣಸು ಇರುತ್ತದೆ, ನೋಡಿ.